ಹೊಲದ ಮೇಲಿನ ಕರೆಂಟ್ ತಂತಿ: ಮಷಿನ್ ಇಳಿಸುವ ಮುಂಚೆ, ಇಳಿಸಿದ ಮೇಲೆ

ಕಾರಟಗಿ ದಾಟಿ ಸಿಂಧನೂರಿನ ಕಡೆ ಹೋಗುವಾಗ ಬರುವ ಕಾಲುವೆ ಭಾಗದಲ್ಲಿ ನಮ್ಮ ಹೊಲ ಇದೆ. ಹೊಲದ ದಾರಿಗೆ ಅಡ್ಡವಾಗಿ ಮೂರು ತಂತಿಯ ಲೈನ್ ಹೋಗಿದೆ. ಎರಡು ವರ್ಷದ ಹಿಂದೆ ಬೇಸಿಗೆ ಬೆಳೆಯ ಕಟಾವು ಮುಗಿದಿತ್ತು. ಹುಲ್ಲನ್ನು ಟ್ರಾಲಿಗೆ ಏರಿಸಿಕೊಂಡು ಮನೆಗೆ ಹೊರಟಿದ್ದೆವು. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ನಾನು. ಚಿಕ್ಕಪ್ಪನ ಮಗ ಹುಲ್ಲಿನ ಮೇಲೆ ನಿಂತು ಹಗ್ಗ ಹಿಡಿದಿದ್ದ.

ಪಕ್ಕದ ಹೊಲದ ಹಿರಿಯರು ಬದುವಿನ ಮೇಲಿಂದ ಕೂಗಿದರು: "ಲೇ ತಮ್ಮಾ, ಬೋರಲ ಬೀಳೋ! ಮುಂದ ತಂತಿ ಐತಿ!"

ಹುಡುಗ ಹುಲ್ಲಿನ ಮೇಲೆ ಬೋರಲು ಬಿದ್ದ, ನಾನು ಬ್ರೇಕ್ ಒತ್ತಿದೆ. ಇಳಿದು ಹಿಂದೆ ನೋಡಿದರೆ, ಅವನು ನಿಂತಿದ್ದಾಗ ಎದೆ ಇದ್ದ ಮಟ್ಟಕ್ಕೆ ಸರಿಯಾಗಿ ತಂತಿ ಇತ್ತು. ನಾಲ್ಕು ಹೆಜ್ಜೆ ದೂರದಲ್ಲಿ.

ಅದೇ ದಾರಿ, ಅದೇ ಟ್ರಾಲಿ, ಅದೇ ತಂತಿ. ಹಿಂದಿನ ವರ್ಷ ಸಲೀಸಾಗಿ ಹೋಗಿದ್ದೆವು. ಬದಲಾಗಿದ್ದು ಒಂದೇ. ಮಳೆಗಾಲದಲ್ಲಿ ಕೆಸರಾಗುತ್ತದೆ ಅಂತ ಆ ದಾರಿಗೆ ನಾವೇ ಗರಸು ಹೊಡೆಸಿ ಒಂದೂವರೆ ಅಡಿ ಎತ್ತರಿಸಿದ್ದೆವು. ನೆಲ ಮೇಲೆ ಬಂದಿತ್ತು, ತಂತಿ ಇದ್ದಲ್ಲೇ ಇತ್ತು. ಇದು ಯಾರ ತಲೆಗೂ ಹೊಳೆದಿರಲಿಲ್ಲ.

"ಹೋದ ವರ್ಷ ಹೋಗಿತ್ತು, ಈ ಸಲವೂ ಹೋಗುತ್ತೆ" ಅನ್ನುವ ಮಾತನ್ನು ನಾನು ಅವತ್ತಿನಿಂದ ಆಡುತ್ತಿಲ್ಲ. ಪ್ರತಿ ಹಂಗಾಮಿಗೂ ಹೊಸದಾಗಿ ನೋಡುತ್ತೇನೆ, ಅಳೆಯುತ್ತೇನೆ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ತಂತಿಯ ಗುರುತು

ಕೆಲಸ ಇಲ್ಲದ ದಿನ ಹೊಲದ ಸುತ್ತ ಒಮ್ಮೆ ಸುಮ್ನೆ ನಡೆಯಿರಿ. ಕೈಯಲ್ಲಿ ಒಂದು ಹಾಳೆ, ಪೆನ್ನು ಇರಲಿ. ಹೊಲದ ಚಿತ್ರ ಬರೆದು ಕಂಬ, ತಂತಿ, ಕಂಬ ವಾಲದ ಹಾಗೆ ನೆಲಕ್ಕೆ ಬಿಗಿದ ಸ್ಟೇ ವೈರ್, ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲೆಲ್ಲಿವೆ ಅಂತ ಗುರುತು ಹಾಕಿ. ಕಟಾವು ಮಷಿನ್ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ತಿರುಗುತ್ತದೆ, ಕಾಳು ಎಲ್ಲಿ ಸುರಿಯುತ್ತದೆ ಅನ್ನುವುದನ್ನೂ ಬರೆಯಿರಿ.

ತಂತಿ ಯಾವ ಜಾತಿಯದು ಅಂತ ಕೆಳಗಿನಿಂದಲೇ ಅಂದಾಜು ಮಾಡಬಹುದು. ಸಣ್ಣ ಕಂಬದ ಮೇಲೆ ನಾಲ್ಕೈದು ತಂತಿ ಇದ್ದರೆ ಅದು ಟಿಸಿಯಿಂದ ಪಂಪ್‌ಸೆಟ್ಟಿಗೋ ಮನೆಗೋ ಹೋಗುವ 230–415 ವೋಲ್ಟಿನ ಲೈನ್. ಮೂರೇ ತಂತಿ, ಒಂದೊಂದರ ಕೆಳಗೆ ಕಂದು ಬಣ್ಣದ ಪಿಂಗಾಣಿ ಬುಗುಟು ಇದ್ದರೆ ಅದು ಬಹುಪಾಲು 11 ಕೆವಿ, ಅಂದರೆ 11,000 ವೋಲ್ಟ್. ಪಿಂಗಾಣಿ ಇನ್ನೂ ದೊಡ್ಡದಿದ್ದು ಕಂಬವೂ ಎತ್ತರ ಇದ್ದರೆ 33 ಕೆವಿ ಇರಬಹುದು. ಕಬ್ಬಿಣದ ದೊಡ್ಡ ಟವರ್, ತಟ್ಟೆ ಪೋಣಿಸಿದ ಹಾಗೆ ಉದ್ದದ ಪಿಂಗಾಣಿ ಸರ ಇದ್ದರೆ ಅದು 66 ಕೆವಿಯಿಂದ 765 ಕೆವಿವರೆಗೆ ಏನು ಬೇಕಾದರೂ ಆಗಿರಬಹುದು. ಶಕ್ತಿನಗರ, ಕುಡತಿನಿಯಲ್ಲಿ ಕರೆಂಟ್ ಹುಟ್ಟುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರಗಳಿವೆ. ಹಾಗಾಗಿ ರಾಯಚೂರು, ಬಳ್ಳಾರಿ, ಕೊಪ್ಪಳ ಈ ನಮ್ಮ ಮೂರೂ ಜಿಲ್ಲೆಯಲ್ಲಿ ಇಂಥ ಟವರ್ ಲೈನು ಜಾಸ್ತಿ.

ಗುರುತು ಸಿಗದಿದ್ದರೆ ಲೈನ್‌ಮನ್‌ನ ಕೇಳಿ. ಅಲ್ಲಿಯವರೆಗೆ ದೊಡ್ಡ ಲೈನ್ ಅಂತಲೇ ತಿಳಿಯಿರಿ.

ಹೊಲದ ಮೇಲಿನ ಈ ತಂತಿಗಳು ಬಹುತೇಕ ಬರಿ ತಂತಿಗಳು. ಮನೆಯ ವೈರಿನ ಹಾಗೆ ಮೇಲೆ ರಬ್ಬರ್ ಹೊದಿಕೆ ಇರುವುದಿಲ್ಲ. ದೊಡ್ಡ ಲೈನಿಗೆ ತಾಗಲೇಬೇಕು ಅಂತಲೂ ಇಲ್ಲ. ತೀರಾ ಹತ್ತಿರ ಹೋದರೆ ಕರೆಂಟ್ ಗಾಳಿಯಲ್ಲೇ ಹಾರುತ್ತದೆ. ವೋಲ್ಟ್ ಹೆಚ್ಚಿದಷ್ಟೂ ಹಾರುವ ದೂರ ಜಾಸ್ತಿ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಇದೆ. "ಈಗ ಕರೆಂಟ್ ಇಲ್ಲ, ತ್ರೀ ಫೇಸ್ ರಾತ್ರಿ ಬರುತ್ತೆ." ಪಂಪ್‌ಸೆಟ್ ತಿರುಗುತ್ತಿಲ್ಲ ಅಂದ ಮಾತ್ರಕ್ಕೆ ತಂತಿ ಸತ್ತಿದೆ ಅಂತ ಅಲ್ಲ. ಒಂದು ಫೇಸ್ ಬರುತ್ತಿರಬಹುದು. ನಿಮ್ಮ ಟಿಸಿಯ ಫ್ಯೂಸ್ ಮಾತ್ರ ಹೋಗಿದ್ದು ಮೇಲಿನ 11 ಕೆವಿ ಜೀವಂತ ಇರಬಹುದು. ಯಾರದೋ ಜನರೇಟರಿನಿಂದ ಹಿಂದಕ್ಕೆ ಕರೆಂಟ್ ಹರಿಯಬಹುದು. ವೇಳಾಪಟ್ಟಿ ನೋಡಿಕೊಂಡು ತಂತಿ ಕೆಳಗೆ ಧೈರ್ಯ ಮಾಡಬೇಡಿ.

ಎತ್ತರ ಅಳೆಯುವುದು: ಕೋಲು ಬೇಡ, ಹಾಳೆ ಸಾಕು

ತಂತಿಯ ಎತ್ತರ ನೋಡಲು ಕೋಲು, ದೋಟಿ, ಪೈಪು ಎತ್ತಬೇಡಿ. ಬಿದಿರು ಅಂತಲೂ ಎತ್ತಬೇಡಿ. ಇಬ್ಬನಿ, ಬೆವರು, ಧೂಳು ಕೂತ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ.

ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ನಾಲ್ಕೂ ಕಡೆ ಸಮ ಇರುವ ಹಾಗೆ ಚೌಕವಾಗಿ ಕತ್ತರಿಸಿ, ಮೂಲೆಯಿಂದ ಮೂಲೆಗೆ ಮಡಚಿ. ತ್ರಿಕೋನ ಆಯಿತು. ಅದಕ್ಕೆ ಎರಡು ಗಿಡ್ಡ ಅಂಚು, ಒಂದು ಉದ್ದ ಅಂಚು. ಒಂದು ಗಿಡ್ಡ ಅಂಚಿನ ಮೇಲ್ತುದಿಗೆ ದಾರ ಕಟ್ಟಿ, ದಾರದ ಕೊನೆಗೆ ಒಂದು ನಟ್ಟು ಇಳಿಬಿಡಿ. ದಾರ ಆ ಅಂಚಿನ ಗುಂಟ ನೇರ ಇಳಿಯುವ ಹಾಗೆ ಹಿಡಿದರೆ ಆ ಅಂಚು ನೆಟ್ಟಗಿದೆ, ಇನ್ನೊಂದು ಗಿಡ್ಡ ಅಂಚು ನೆಲಕ್ಕೆ ಸಮವಾಗಿದೆ ಅಂತ ಅರ್ಥ. ನೆಟ್ಟಗಿನ ಅಂಚು ತಂತಿಯ ಕಡೆಗಿರಲಿ. ಉದ್ದ ಅಂಚಿನ ಕೆಳತುದಿಗೆ ಕಣ್ಣಿಟ್ಟು, ಅದರ ಗುಂಟ ಮೇಲಕ್ಕೆ ನೋಡಿ.

ಈಗ ಒಬ್ಬರು ತಂತಿಯ ಸರಿಯಾಗಿ ಕೆಳಗೆ, ಎರಡು ಕಂಬಗಳ ನಡುವೆ ತಂತಿ ಅತಿ ಹೆಚ್ಚು ಜೋತುಬಿದ್ದ ಜಾಗದಲ್ಲಿ ನಿಲ್ಲಲಿ. ನೀವು ತಂತಿಗೆ ಅಡ್ಡಲಾಗಿ ಹಿಂದೆ ಹಿಂದೆ ಹೋಗಿ. ಉದ್ದ ಅಂಚಿನ ತುದಿಗೆ ಸರಿಯಾಗಿ ಅತಿ ಕೆಳಗಿನ ತಂತಿ ಕಂಡ ಕೂಡಲೇ ನಿಲ್ಲಿ. ಅವರಿಗೂ ನಿಮಗೂ ಎಷ್ಟು ದೂರ ಅಂತ ಬಟ್ಟೆ ಟೇಪಿನಿಂದ ನೆಲದ ಮೇಲೆ ಅಳೆಯಿರಿ. ಆ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ತಂತಿಯ ಎತ್ತರ ಸಿಕ್ಕಿತು. ನಾನು ಅಳೆದಾಗ ದೂರ 10 ಅಡಿ ಬಂತು, ಕಣ್ಣಿನ ಎತ್ತರ 5 ಅಡಿ. ಒಟ್ಟು 15 ಅಡಿ. ನೆಲ ಸಮ ಇರುವ ಕಡೆ ಇದು ಚೆನ್ನಾಗಿ ಹೊಂದುತ್ತದೆ. ಎರಡು ಸಲ ಅಳೆದು ಕಡಿಮೆ ಬಂದದ್ದನ್ನೇ ಇಟ್ಟುಕೊಳ್ಳಿ.

ಹೊತ್ತು ಕೂಡ ಮುಖ್ಯ. ಬಿಸಿಲಿಗೆ ತಂತಿ ಹಿಗ್ಗಿ ಕೆಳಗಿಳಿಯುತ್ತದೆ. ಎಲ್ಲರ ಪಂಪೂ ಒಟ್ಟಿಗೆ ತಿರುಗುವಾಗ ಕರೆಂಟ್ ಹೆಚ್ಚು ಹರಿದು ಮತ್ತೂ ಬಿಸಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಅಳೆದ ತಂತಿ ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಅಷ್ಟೇ ಎತ್ತರದಲ್ಲಿ ಇರುವುದಿಲ್ಲ. ಬೇಸಿಗೆ ಕಟಾವಿಗೆ ಬೇಸಿಗೆಯ ಮಧ್ಯಾಹ್ನವೇ ಅಳೆಯಿರಿ.

ಇನ್ನು ಲೆಕ್ಕ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ರಸ್ತೆ ಬಿಟ್ಟು ಬೇರೆ ಕಡೆ 11 ಕೆವಿಯ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಅಡಿ ಎತ್ತರದಲ್ಲಿ ಇರಬೇಕು. 33 ಕೆವಿ ಆದರೆ 5.2 ಮೀಟರ್, 17 ಅಡಿ. ರಸ್ತೆ ದಾಟುವ ಕಡೆ ಇವೆರಡೂ 6.1 ಮೀಟರ್, 20 ಅಡಿ.

15 ಅಡಿ ಅಂದರೆ ಬಹಳ ಅನ್ನಿಸುತ್ತದೆ, ಅಲ್ವಾ? ಕೂಡಿಸಿ ನೋಡಿ. ಟ್ರಾಲಿಯ ಹಲಗೆ ನೆಲದಿಂದ 4 ಅಡಿ. ಅದರ ಮೇಲೆ 8 ಅಡಿ ಹುಲ್ಲು. 12 ಆಯಿತು. ಮೇಲೆ ಐದೂವರೆ ಅಡಿಯ ಆಳು ನಿಂತರೆ ಹದಿನೇಳೂವರೆ. ಅಂದರೆ ತಂತಿ ನಿಯಮದ ಪ್ರಕಾರವೇ ಇದ್ದರೂ ಆ ಆಳಿನ ಸೊಂಟಕ್ಕೆ ಬರುತ್ತದೆ. ನಮ್ಮ ಹುಡುಗನಿಗೆ ಆಗಿದ್ದೂ ಇಂಥದ್ದೇ. ಅದಕ್ಕೇ ಹೇಳುತ್ತೇನೆ, ತುಂಬಿದ ಟ್ರಾಲಿ ಹೊರಟ ಮೇಲೆ ಹುಲ್ಲಿನ ಮೇಲೆ ಯಾರೂ ಇರಬಾರದು. ಕೂತೂ ಇರಬಾರದು. ಹತ್ತಿ ಹೇರಿದ ಟ್ರಾಲಿಗೂ ಇದೇ ಮಾತು.

ಮಷಿನ್ನಿನ ಎತ್ತರವನ್ನೂ ಅಳೆಯಿರಿ. ಕಾಳು ಸುರಿಯುವ ಪೈಪು ಎತ್ತಿದಾಗ ಎಷ್ಟು, ಇಳಿಸಿದಾಗ ಎಷ್ಟು ಅಂತ ಎರಡೂ ಬೇಕು. ಮೇಲೆ ಕಟ್ಟಿದ ಲೈಟು, ಮೊಬೈಲ್ ಸಿಗ್ನಲ್ಲಿಗೆ ಅಂತ ನಿಲ್ಲಿಸಿದ ಕಡ್ಡಿ, ಬಾವುಟದ ಕೋಲು ಯಾವುದನ್ನೂ ಬಿಡಬೇಡಿ. ಟಿಪ್ಪರ್ ಟ್ರಾಲಿ ಆದರೆ ಪೂರ್ತಿ ಎತ್ತಿ ನಿಲ್ಲಿಸಿ ಅಳೆಯಿರಿ. ಅಳೆಯುವುದು ಮಾತ್ರ ತಂತಿಯಿಂದ ದೂರದ ಬಯಲಲ್ಲಿ.

11 ಮತ್ತು 33 ಕೆವಿ ಲೈನಿಗೆ ಮಷಿನ್ನಿನ ಯಾವ ತುದಿಯೂ 10 ಅಡಿಗಿಂತ ಹತ್ತಿರ ಬಾರದ ಹಾಗೆ ಕೆಲಸ ಮಾಡಬೇಕು. ಟವರ್ ಲೈನಿಗೆ ಇದಕ್ಕಿಂತ ಜಾಸ್ತಿ. ಎಷ್ಟು ಅಂತ ಲೈನಿನವರನ್ನೇ ಕೇಳಬೇಕು. ತಗ್ಗಿನ ತಂತಿ ಇರುವಲ್ಲಿ ಈ 10 ಅಡಿ ಸಿಗುವುದಿಲ್ಲ, ನನಗೂ ಗೊತ್ತು. ಅಂಥ ಕಡೆ ದಾರಿಗಳು ಮೂರೇ. ಒಂದು, ಬೇರೆ ಕಡೆಯಿಂದ ಮಷಿನ್ ಇಳಿಸುವುದು. ಎರಡು, ತಂತಿ ಕೆಳಗಿನ ಪಟ್ಟಿಯನ್ನು ಬಿಟ್ಟು ಕೊಯ್ದು, ಆ ಪಟ್ಟಿಯನ್ನು ಕುಡುಗೋಲಿನಿಂದ ಕೊಯ್ಯುವುದು. ಮೂರು, ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡುವ ಒಪ್ಪಿಗೆ) ತೆಗೆದುಕೊಂಡು ಲೈನ್ ಬಂದ್ ಮಾಡಿಸಿದ ಮೇಲೆ ಕೆಲಸ ಮಾಡುವುದು. ಒಂದು ಪಟ್ಟಿ ಕೈಯಲ್ಲಿ ಕೊಯ್ಯಲು ಎರಡು ಮೂರು ಆಳಿನ ಕೂಲಿ ಬೀಳುತ್ತದೆ. ನಾವು ಕೊಡುತ್ತಿದ್ದೇವೆ.

ಮಷಿನ್ ಬರುವ ದಿನ

ಕಾಲುವೆ ಭಾಗಕ್ಕೆ ಬರುವ ಕಟಾವು ಮಷಿನ್‌ಗಳಲ್ಲಿ ಹೊರರಾಜ್ಯದವು ಬಹಳ. ಡ್ರೈವರ್‌ಗಳು ಹಗಲೂ ರಾತ್ರಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ. ನಿದ್ದೆ ಇಲ್ಲ, ನಿಮ್ಮ ಹೊಲದ ಪರಿಚಯ ಇಲ್ಲ, ಕನ್ನಡವೂ ಬರಲಿಕ್ಕಿಲ್ಲ. ಅವರು ಮುಂದಿನ ಪೈರನ್ನು ನೋಡಿಕೊಂಡು ಓಡಿಸುತ್ತಾರೆ. ಮೇಲೆ ನೋಡುವ ಹೊಣೆ ನಿಮ್ಮದು.

ಮಷಿನ್ ಇಳಿಯುವ ಮುಂಚೆ ಡ್ರೈವರ್ ಜೊತೆ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆಯಿರಿ. ಒಂದೊಂದು ತಂತಿಯನ್ನೂ ಕೈ ಮಾಡಿ ತೋರಿಸಿ. "ಕರೆಂಟ್" ಅಂದರೆ ತಮಿಳಿನವರಿಗೂ ತೆಲುಗಿನವರಿಗೂ ತಿಳಿಯುತ್ತದೆ. ತಂತಿಯ ಎರಡೂ ಬದಿಗೆ ದೂರ ಬಿಟ್ಟು, ನೆಲದಲ್ಲಿ ಗುರುತು ಮಾಡಿ. ಬದುವಿನ ಮೇಲೆ ಸುಣ್ಣದ ಗೆರೆ ಎಳೆಯಿರಿ. ಪೈರಿನ ನಡುವೆ ಮೂರು ನಾಲ್ಕು ಅಡಿಯ ಗೂಟ ನೆಟ್ಟು ಬಿಳಿ ಗೊಬ್ಬರದ ಚೀಲ ಸಿಕ್ಕಿಸಿ. ಆ ಗೆರೆ ಬಂದಾಗ ಪೈಪು ಇಳಿಸಿರಬೇಕು, ಆ ಪಟ್ಟಿಯಲ್ಲಿ ಮಷಿನ್ ತಿರುಗಿಸಬಾರದು, ಕಾಳು ಸುರಿಯಬಾರದು.

ಇಬ್ಬರ ನಡುವೆ ಒಂದೇ ಒಂದು ಸನ್ನೆ ಗಟ್ಟಿ ಮಾಡಿಕೊಳ್ಳಿ: ಎರಡೂ ಕೈ ಮೇಲೆತ್ತಿ ಬೀಸಿದರೆ ಇದ್ದಲ್ಲೇ ನಿಲ್ಲು. ಆ ಸನ್ನೆ ಮಾಡುವವರು ಒಬ್ಬರೇ ಇರಲಿ. ಅವರು ಮಷಿನ್‌ಗೆ ಅಂಟಿಕೊಂಡು ನಡೆಯಬಾರದು, ಮಷಿನ್ ಮುಟ್ಟಬಾರದು. ಡ್ರೈವರಿಗೆ ಕಾಣುವ ಹಾಗೆ ದೂರ ನಿಲ್ಲಬೇಕು. ಆ ಹೊತ್ತಿಗೆ ಅವರ ಮೊಬೈಲ್ ಜೇಬಿನಲ್ಲೇ ಇರಲಿ.

ತಂತಿ ಇರುವ ಹೊಲವನ್ನು ರಾತ್ರಿ ಕೊಯ್ಸಬೇಡಿ. ಮಷಿನ್ನಿನ ಲೈಟ್ ಪೈರಿನ ಮೇಲೆ ಬೀಳುತ್ತದೆ, ಮೇಲೆ ಪೂರ್ತಿ ಕತ್ತಲು. ಮಳೆ ಬರುವ ಹಾಗಿದೆ, ಮಷಿನ್ ನಾಳೆ ಸಿಗಲ್ಲ ಅನ್ನುವ ಅವಸರ ನನಗೂ ಗೊತ್ತು. ಆದರೂ ತಂತಿ ಇಲ್ಲದ ತಾಕನ್ನು ರಾತ್ರಿಗೆ ಬಿಟ್ಟು, ತಂತಿ ಇರುವುದನ್ನು ಹಗಲಲ್ಲೇ ಮುಗಿಸಿಕೊಳ್ಳಬಹುದು.

ಬಣವೆಯನ್ನು ತಂತಿಯ ಕೆಳಗೆ ಒಟ್ಟಬೇಡಿ. ಎರಡು ತಂತಿ ಗಾಳಿಗೆ ಬಡಿದುಕೊಂಡು ಕಿಡಿ ಉದುರಿದರೆ ವರ್ಷದ ಮೇವು ಹೋಯಿತು. ಬಣವೆ ಎತ್ತರ ಆದ ಹಾಗೆ ಮೇಲೆ ನಿಂತವರು ತಂತಿಗೆ ಹತ್ತಿರವಾಗುತ್ತಾ ಹೋಗುತ್ತಾರೆ. ಕೂಳೆಗೆ ಬೆಂಕಿಯನ್ನಂತೂ ಲೈನಿನ ಕೆಳಗೆ ಹಚ್ಚಲೇಬಾರದು.

ಪೈಪು, ಬೋರು, ಮರ

ಬೋರಿನಿಂದ ಮೋಟರ್ ಎತ್ತುವಾಗ ಹೊರಬರುವ ಕಬ್ಬಿಣದ ಪೈಪು 20 ಅಡಿ ಉದ್ದ. ಬಿಚ್ಚಿದ ಪೈಪನ್ನು ನೆಟ್ಟಗೆ ಹಿಡಿದು ಇಬ್ಬರು ಪಕ್ಕಕ್ಕೆ ವಾಲಿಸುತ್ತಾರೆ. ವಾಲಿದ ಕಡೆ ತಂತಿ ಇದ್ದರೆ ಹಿಡಿದ ಇಬ್ಬರೂ ಉಳಿಯುವುದಿಲ್ಲ. ಮುಕ್ಕಾಲಿ ನಿಲ್ಲಿಸುವ ಮುಂಚೆ ಅದರ ಎತ್ತರ, ಪೈಪಿನ ಉದ್ದ, ಮೇಲೆ 10 ಅಡಿ ಬಿಡುವು ಇಷ್ಟೂ ಕೂಡಿಸಿ. ಅಷ್ಟು ದೂರದೊಳಗೆ ಸುತ್ತ ಯಾವ ಕಡೆಯೂ ತಂತಿ ಇರಬಾರದು. ಇದ್ದರೆ ಎಲ್‌ಸಿ ಇಲ್ಲದೆ ಮೋಟರ್ ಎತ್ತಬೇಡಿ. ಹೊಸ ಬೋರ್ ಕೊರೆಸುವವರು ಪಾಯಿಂಟ್ ನೋಡಿಸುವಾಗಲೇ ತಂತಿಯನ್ನೂ ನೋಡಿ. ನೀರು ಇರುವ ಜಾಗದ ಮೇಲೆ ಲೈನ್ ಇದ್ದರೆ ಕೊರೆಯುವ ಗಾಡಿಯ ಕಂಬ ಅಲ್ಲಿ ಏಳುವುದಕ್ಕೆ ಆಗುವುದಿಲ್ಲ.

ಸ್ಪ್ರಿಂಕ್ಲರ್ ಪೈಪು, ಏಣಿ, ದೋಟಿ ಯಾವುದನ್ನೂ ಹೆಗಲ ಮೇಲೆ ನೆಟ್ಟಗೆ ಹಿಡಿದು ನಡೆಯಬೇಡಿ. ಅಡ್ಡಲಾಗಿ, ಸೊಂಟದ ಮಟ್ಟದಲ್ಲಿ, ಇಬ್ಬರು ಹಿಡಿಯಿರಿ. ಪೈಪಿನೊಳಗೆ ಹಾವೋ ಇಲಿಯೋ ಸೇರಿದೆ ಅಂತ ಪೈಪು ನೆಟ್ಟಗೆ ಎತ್ತಿ ಕೊಡವುವ ರೂಢಿ ಇದೆ. ಅದನ್ನು ದಯವಿಟ್ಟು ಬಿಡಿ. ನೆಲದ ಮೇಲೇ ಒಂದು ತುದಿ ತಟ್ಟಿದರೆ ಸಾಕು.

ತಂತಿಗೆ ತಾಗುವ ಬೇವು, ಜಾಲಿಯನ್ನು ನೀವು ಕಡಿಯಬೇಡಿ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಬಂದ್ ಮಾಡಿಸಿ ಲೈನಿನವರೇ ಕಡಿಯಬೇಕು. ಎತ್ತು, ಎಮ್ಮೆಯನ್ನು ಕಂಬಕ್ಕೆ, ಸ್ಟೇ ವೈರಿಗೆ ಕಟ್ಟಬೇಡಿ. ಔಷಧಿ ಹೊಡೆಯುವ ಡ್ರೋನ್ ತಂತಿಗೆ ಸಿಕ್ಕಿಕೊಂಡರೆ ಅದು ಲೈನ್‌ಮನ್ ಬರುವವರೆಗೆ ಅಲ್ಲೇ ಇರಲಿ.

ತಂತಿ ತಾಗಿಬಿಟ್ಟರೆ

ಈ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಡ್ರೈವರಿಗೆ, ಆಳುಗಳಿಗೆ, ಬುತ್ತಿ ತರುವ ಹೆಣ್ಣುಮಕ್ಕಳಿಗೆ.

ಮಷಿನ್ ತಂತಿಗೆ ತಾಗಿದರೆ ಡ್ರೈವರ್ ಕೆಳಗಿಳಿಯಬಾರದು. ಮೇಲಿರುವವರೆಗೆ ಅವನೂ ಮಷಿನ್ನೂ ಒಂದೇ ವೋಲ್ಟಿನಲ್ಲಿ ಇರುತ್ತಾರೆ, ಅವನ ಮೈಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಇನ್ನೊಂದು ಕಾಲು ನೆಲಕ್ಕೆ ಇಟ್ಟ ಗಳಿಗೆಗೆ ಅವನ ಮೈಯೇ ತಂತಿ ಆಗುತ್ತದೆ. ರಬ್ಬರ್ ಟೈರ್ ಇದೆ ಅನ್ನುವ ಧೈರ್ಯ ಬೇಡ. 11,000 ವೋಲ್ಟಿಗೆ ಟೈರ್ ತಡೆ ಅಲ್ಲ.

ತಂತಿ ಸಿಕ್ಕಿಕೊಳ್ಳದೆ ಬರಿ ತಾಗಿದ್ದರೆ, ಮಷಿನ್ ಚಾಲೂ ಇದ್ದರೆ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ತೆಗೆಯಬಹುದು. ತಂತಿ ಹರಿದು ಬೀಳುವ ಹಾಗಿದ್ದರೆ ಅದೂ ಬೇಡ. ಸುಮ್ನೆ ಕೂತಿರಬೇಕು. ಕೆಳಗಿರುವವರು 35 ಅಡಿ ದೂರ ಹೋಗಿ, ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ಫೋನ್ ಮಾಡಬೇಕು. ಲೈನ್‌ಮನ್ ನಂಬರೂ ಸಬ್‌ಸ್ಟೇಷನ್ ನಂಬರೂ ಮೊಬೈಲಿನಲ್ಲಿ ಮೊದಲೇ ಇರಲಿ. ಆ ಗಾಬರಿಯಲ್ಲಿ ಹುಡುಕುವುದಕ್ಕೆ ಆಗುವುದಿಲ್ಲ.

"ಢಂ ಅಂತ ಸದ್ದಾಯಿತು, ಟ್ರಿಪ್ ಆಯಿತು, ಇನ್ನೇನಿಲ್ಲ ಇಳಿ" ಅಂತ ಯಾರೋ ಹೇಳುತ್ತಾರೆ. ಕೇಳಬೇಡಿ. ಲೈನ್ ಟ್ರಿಪ್ ಆದರೆ ಸಬ್‌ಸ್ಟೇಷನ್‌ನಲ್ಲಿ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಅವರಿಗೆ ನಿಮ್ಮ ಹೊಲದಲ್ಲಿ ಏನಾಗಿದೆ ಅಂತ ಗೊತ್ತಿರುವುದಿಲ್ಲ. ಲೈನ್ ಬಂದ್ ಆಗಿದೆ ಅಂತ ಲೈನ್‌ಮನ್ ಬಂದು ತನ್ನ ಬಾಯಿಂದ ಹೇಳಬೇಕು.

ಇಳಿಯಲೇಬೇಕಾದ ಸಂದರ್ಭ ಒಂದೇ, ಮಷಿನ್ನಿಗೆ ಬೆಂಕಿ ಹತ್ತಿದಾಗ. ಆಗ ಮೆಟ್ಟಿಲು ಇಳಿಯಬಾರದು, ಹಾರಬೇಕು. ಕೈ ಎದೆಗೆ ಒತ್ತಿಕೊಂಡು, ಎರಡೂ ಪಾದ ಜೋಡಿಸಿ, ಮಷಿನ್ನಿನ ಯಾವ ಭಾಗವೂ ತಾಗದ ಹಾಗೆ ದೂರಕ್ಕೆ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು. ಆಮೇಲೆ ಓಡಬಾರದು. ತಂತಿ ತಾಗಿದ ಮಷಿನ್ನಿನ ಸುತ್ತ ನೆಲದಲ್ಲೂ ಕರೆಂಟ್ ಹರಡಿರುತ್ತದೆ. ಹತ್ತಿರದಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ. ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲು ಜಾಸ್ತಿ ವೋಲ್ಟಿನಲ್ಲಿ, ಇನ್ನೊಂದು ಕಡಿಮೆ ವೋಲ್ಟಿನಲ್ಲಿ ಬಿದ್ದು ಕರೆಂಟ್ ಕಾಲಿನಿಂದ ಕಾಲಿಗೆ ಹರಿಯುತ್ತದೆ. ತಂತಿ ಬಿದ್ದ ಕಡೆ ಎತ್ತು ಸತ್ತು ಮನುಷ್ಯ ಉಳಿದದ್ದನ್ನು ಕೇಳಿರುತ್ತೀರಿ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು, ಅದೇ ಕಾರಣ.

ನೆಲ ಗಟ್ಟಿ ಇದ್ದರೆ ಪಾದ ಜೋಡಿಸಿ ಕುಪ್ಪಳಿಸಿ. ಭತ್ತದ ಗದ್ದೆಯ ಕೆಸರಿನಲ್ಲಿ ಕುಪ್ಪಳಿಸಿದರೆ ಬೀಳುವ ಭಯ, ಬಿದ್ದು ಕೈ ಊರಿದರೆ ಇನ್ನೂ ಕೆಟ್ಟದ್ದು. ಅಲ್ಲಿ ಎರಡೂ ಪಾದ ಒಂದಕ್ಕೊಂದು ತಾಗಿಸಿಕೊಂಡೇ, ನೆಲದಿಂದ ಎತ್ತದೆ, ಇಂಚಿಂಚು ಜರುಗಿಸುತ್ತಾ 35 ಅಡಿ ದಾಟಿ. ಇದನ್ನು ಅಂಗಳದಲ್ಲಿ ಒಮ್ಮೆ ಮಾಡಿ ನೋಡಿ. ನಾವು ಮನೆಮಂದಿಯೆಲ್ಲ ಮಾಡಿದ್ದೇವೆ, ಅವ್ವನೂ ಮಾಡಿದ್ದಾಳೆ.

ಹರಿದು ಬಿದ್ದ ತಂತಿ

ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಯ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವವರು ಬದುವಿನ ಮೇಲೆ ನಿಂತು ಮೊದಲು ಕಂಬದಿಂದ ಕಂಬಕ್ಕೆ ಕಣ್ಣಾಡಿಸಿ. ಮೂರು ಇರಬೇಕಾದಲ್ಲಿ ಎರಡೇ ತಂತಿ ಕಂಡರೆ ಮೂರನೆಯದು ಪೈರಿನೊಳಗೆ ಎಲ್ಲೋ ಬಿದ್ದಿದೆ. ಕಿಡಿ ಇಲ್ಲ, ಸದ್ದಿಲ್ಲ ಅಂತ ಹತ್ತಿರ ಹೋಗಬೇಡಿ. ಒಣ ನೆಲದ ಮೇಲೆ ಬಿದ್ದ ತಂತಿ ಎಷ್ಟೋ ಸಲ ಟ್ರಿಪ್ ಆಗದೆ ಜೀವಂತವೇ ಇರುತ್ತದೆ. ನೀರು ನಿಂತ ಗದ್ದೆ, ತಂತಿ ಬೇಲಿ ಇದ್ದರೆ ಕರೆಂಟ್ ಇನ್ನೂ ದೂರದವರೆಗೆ ಬರುತ್ತದೆ. ದನಗಳನ್ನು ಹಿಂದಕ್ಕೆ ಹೊಡೆದು, ದಾರಿಗೆ ಮುಳ್ಳಿನ ಕೊಂಬೆ ಅಡ್ಡ ಹಾಕಿ, ಒಬ್ಬರು ಅಲ್ಲೇ ಕಾವಲು ನಿಲ್ಲಿ.

ಶಾಕ್ ಹೊಡೆದವರಿಗೆ

ಒಬ್ಬನನ್ನು ಉಳಿಸಲು ಹೋಗಿ ಎರಡನೆಯವನು, ಅವನನ್ನು ಹಿಡಿಯಲು ಮೂರನೆಯವನು ಹೋಗುತ್ತಾನೆ. ಮನೆಯ ಕರೆಂಟ್ ಆದರೆ ಮೇನ್ ಆಫ್ ಮಾಡಿ, ಆಗದಿದ್ದರೆ ಒಣ ಮರದ ತುಂಡಿನಿಂದ ಬಿಡಿಸಬಹುದು. 11 ಕೆವಿಗೆ ಕಟ್ಟಿಗೆ, ಹಗ್ಗ, ರಬ್ಬರ್ ಚಪ್ಪಲಿ ಏನೂ ನಡೆಯುವುದಿಲ್ಲ. ಲೈನ್ ಬಂದ್ ಆಗುವವರೆಗೆ ಕಾಯಲೇಬೇಕು. ಎದೆ ಒಡೆಯುವಂಥ ಮಾತು ಇದು, ಆದರೆ ಬೇರೆ ದಾರಿ ಇಲ್ಲ.

ಬಂದ್ ಆದ ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರು ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡು ಇಂಚು ಇಳಿಯುವ ಹಾಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಮೈಗೆ ಮಣ್ಣು ಮುಚ್ಚುವುದು, ಸುಟ್ಟ ಗಾಯಕ್ಕೆ ಪೇಸ್ಟು ಹಚ್ಚುವುದು ಬೇಡ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಸುಟ್ಟ ಗಾಯ ಹೊರಗೆ ಕಾಣುವುದಿಲ್ಲ, ಹೃದಯದ ಬಡಿತ ಆಮೇಲೂ ಏರುಪೇರಾಗಬಹುದು.

ಜೋತುಬಿದ್ದ ತಂತಿಯನ್ನು ಎತ್ತರಿಸಿಕೊಳ್ಳುವುದು

ಹಾಳೆಯಿಂದ ಅಳೆದಾಗ 15 ಅಡಿಗಿಂತ ಕಡಿಮೆ ಬಂದರೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಜೊತೆಗೆ ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನ ನಿಮ್ಮ ಶಾಖಾ ಕಚೇರಿಗೆ ಎರಡು ಪ್ರತಿ ಅರ್ಜಿ ಒಯ್ಯಿರಿ. ಒಂದು ಕೊಟ್ಟು, ಇನ್ನೊಂದಕ್ಕೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಊರು, ಸರ್ವೆ ನಂಬರ್, ಎರಡೂ ಬದಿಯ ಕಂಬದ ಮೇಲೆ ಬರೆದ ನಂಬರ್, ಹತ್ತಿರದ ಟಿಸಿ ನಂಬರ್, ನೀವು ಅಳೆದ ಎತ್ತರ, ಅಳೆದ ದಿನ ಮತ್ತು ಹೊತ್ತು ಇರಲಿ. ಕಟಾವು ಯಾವ ವಾರ ಅಂತಲೂ ಬರೆಯಿರಿ. ತಂತಿ ಎಷ್ಟು ತಗ್ಗಿದೆ ಅಂತ ತಿಳಿಯಲು ಒಬ್ಬರು ಬದುವಿನ ಆಚೆ ದೂರ ನಿಂತಿರುವ ಫೋಟೊ ಸೇರಿಸಿ. ಅಕ್ಕಪಕ್ಕದ ಹೊಲದವರ ಸಹಿ ಇದ್ದರೆ ಅರ್ಜಿಗೆ ತೂಕ ಬರುತ್ತದೆ. ಶಾಖೆಯಲ್ಲಿ ಕೆಲಸ ಆಗದಿದ್ದರೆ ಅದೇ ಪ್ರತಿ ಹಿಡಿದು ಉಪವಿಭಾಗದ ಕಚೇರಿಗೆ ಹೋಗಿ.

ನಮ್ಮ ದಾರಿಯ ಮೇಲೆ ನಡುವೆ ಒಂದು ಕಂಬ ಹಾಕಿ ತಂತಿ ಬಿಗಿ ಮಾಡಿದ್ದಾರೆ. ಹಾಳೆ ಹಿಡಿದು ಮತ್ತೆ ಅಳೆದೆ, ಹತ್ತೊಂಬತ್ತೂವರೆ ಅಡಿ ಬಂತು. ಆ ಲೆಕ್ಕವನ್ನು ತಾರೀಖಿನ ಜೊತೆ ಟ್ರಾಲಿಯ ಮುಂದಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದೇನೆ. ಮುಂದಿನ ಕಟಾವಿಗೆ ಅದನ್ನು ಅಳಿಸಿ ಹೊಸದು ಬರೆಯಬೇಕು.